ಕಟ್ಟಿನಲ್ಲಿ ಕಡಿಮೆ

ಮೇಣದ ಅಚ್ಚಿನೊಳಗೆ ಕೂತಿದೆ
ಒಬ್ಬಳ ಬಲ ಶ್ವಾಸಕೋಶದ ಚೂರು,
ಅಕ್ಕಿಕಾಳಿಗಿಂತ ಸಪೂರ.
ಹೆಸರಿಲ್ಲ. ನಂಬರು ಎರಡು ಸಾವಿರದ ಇನ್ನೂರ ಹದಿನೇಳು.
ದೇರಳಕಟ್ಟೆಯ ಈ ಎರಡನೇ ಮಾಳಿಗೆಯಲ್ಲಿ
ಬೆಳಿಗ್ಗೆ ಎಂಟೂವರೆಗೆ ನಾನು ಚಕ್ರ ತಿರುಗಿಸುತ್ತೇನೆ,
ಅಲಗಿನ ತುದಿಯಿಂದ ರಿಬ್ಬನ್ನು ಇಳಿಯುತ್ತದೆ,
ನಾಲ್ಕು ಮೈಕ್ರಾನ್ ದಪ್ಪ.
ಉಸಿರು ಬಿಗಿಹಿಡಿಯಬೇಕು, ಬಿಟ್ಟರೆ ಹಾರುತ್ತದೆ.
ಶ್ವಾಸಕೋಶದ ಮುಂದೆ ಕೂತು ಉಸಿರು ಹಿಡಿಯುವ ಕೆಲಸ;
ಮೊದಲ ದಿನ ನಗು ಬಂದಿತ್ತು.

ಅಮ್ಮ ಕತ್ತರಿಸುತ್ತಿದ್ದದ್ದು ಎಲೆ.
ರಾತ್ರಿಯಿಡೀ ಒದ್ದೆ ಗೋಣಿಯಲ್ಲಿ ಮಲಗಿದ ಎಲೆ.
ಮೇಲೆ ತಗಡಿನ ಅಳತೆ ಇಟ್ಟು, ನರ ತಪ್ಪಿಸಿ, ಕತ್ತರಿ ಸುತ್ತಿಸಿ.
ತೊಡೆಯ ಮೇಲೆ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪು,
ದಿನಕ್ಕೆ ಸಾವಿರ, ಫೀಸು ಕಟ್ಟುವ ತಿಂಗಳು ಸಾವಿರದಿನ್ನೂರು.
ನನ್ನ ಲ್ಯಾಬ್ ಕೋರ್ಸಿನ ಖರ್ಚನ್ನು ಒಮ್ಮೆ
ಬೀಡಿಯಲ್ಲಿ ಲೆಕ್ಕ ಹಾಕಿದ್ದೆ;
ಸೊನ್ನೆಗಳು ಪುಸ್ತಕದ ಅಂಚು ದಾಟಿದವು.
ಅವಳು ಒಂದನ್ನೂ ಸೇದಿದವಳಲ್ಲ.

ಸೇದದವರ ಗಡ್ಡೆಗಳು: ಡಾಕ್ಟರ್ ರೇಗೊ ಅವರ ಅಧ್ಯಯನ, ಮೂರನೇ ವರ್ಷ.
ಫಾರ್ಮು ಹೇಳುತ್ತದೆ: ಹೆಣ್ಣು, ಐವತ್ತೆರಡು.
ಧೂಮಪಾನ: ಇಲ್ಲ. ವೃತ್ತಿ: ಗೃಹಿಣಿ.
ಸಹಿ ಇರಬೇಕಾದಲ್ಲಿ ನೀಲಿ ಹೆಬ್ಬೆಟ್ಟು.
ನನ್ನ ಕಣ್ಣು ನಿಂತದ್ದು ಅಲ್ಲಿ.
ಗೆರೆಯಿಲ್ಲ.
ಬರೀ ನೀಲಿ.
ನ್ಯಾಯಬೆಲೆ ಅಂಗಡಿಯ ಯಂತ್ರವೂ ಅಮ್ಮನ ಬೆರಳನ್ನು
ಮೂರು ಸಲ ಒರೆಸಿ ಇಟ್ಟರೂ ಒಪ್ಪುವುದಿಲ್ಲ;
ಮೂವತ್ತು ವರ್ಷ ಎಲೆ ಸುರುಟಿದ ಹೆಬ್ಬೆಟ್ಟು
ಯಾರದ್ದೂ ಅಲ್ಲ ಅನ್ನುತ್ತದೆ.
ಗೃಹಿಣಿಯಂತೆ!

ಅವತ್ತು ನನಗೆ ಬೇಕಾಗಿತ್ತು ಒಂದು ಗುರುತು.
ಹೊಗೆ ಜೀನಿನ ಮೇಲೆ ಬಿಟ್ಟುಹೋಗುವ ಕಲೆ
ಪುಸ್ತಕದಲ್ಲಿದೆ: ಜಿ ಇದ್ದಲ್ಲಿ ಟಿ, ಮತ್ತೆ ಜಿ ಇದ್ದಲ್ಲಿ ಟಿ,
ಎಲ್ಲ ಒಂದೇ ಕೈಬರಹದ ತಪ್ಪು.
ಸಿಕ್ಕಿದ್ದರೆ ಹಿಡಿದುಕೊಂಡು ಹೋಗಿ
ಯಾರ ಮೇಜಿಗಾದರೂ ಬಡಿಯಬಹುದಿತ್ತು.
ಯಾರ ಮೇಜೆಂದು ಯೋಚಿಸಿರಲಿಲ್ಲ.

ಸೀಕ್ವೆನ್ಸರ್ ಎರಡು ದಿನ ಗುನುಗಿತು.
ಕರೆಂಟು ಒಮ್ಮೆ ಹೋಗಿ ಬಂತು.
ಆ ಕೈಬರಹ ಇರಲಿಲ್ಲ.
ಏಳನೇ ಕ್ರೋಮೋಸೋಮು, ಹತ್ತೊಂಬತ್ತನೇ ಎಕ್ಸಾನು,
ಹದಿನೈದು ಅಕ್ಷರ ನಾಪತ್ತೆ.
ಎರಡು ಬದಿಯೂ ನಯವಾಗಿ ಬೆಸೆದು
ಏನೂ ಆಗದವರ ಹಾಗೆ ಸಾಲು ಮುಂದೆ ಹೋಗಿದೆ,
ಬೆಳೆ, ಬೆಳೆ, ಬೆಳೆ ಎನ್ನುತ್ತ.

“ಒಳ್ಳೇ ಸುದ್ದಿ,” ಎಂದರು ಡಾಕ್ಟರ್, ಕನ್ನಡಕ ಹಣೆಗೇರಿಸಿ.
ಈ ತೂತಿಗೆ ಮಾತ್ರೆ ಇದೆ. ದಿನಕ್ಕೊಂದು.
ಗಡ್ಡೆ ಮುಂದೆಂದೋ ಇನ್ನೊಂದು ಅಕ್ಷರ ತಿದ್ದಿಕೊಳ್ಳುತ್ತದೆ,
ಆಗ ನೋಡೋಣ.
ಯಾಕೆ ಉದುರಿತು? ಎಂದು ಕೇಳಿದೆ.
ಹೊಗೆಸೊಪ್ಪಿನ ಧೂಳೇ? ಬಚ್ಚಲ ಒಲೆಗೆ ತುರುಕಿದ ತೆಂಗಿನ ಸಿಪ್ಪೆಯೇ?
“ಗೊತ್ತಿಲ್ಲ,” ಎಂದರು.
ಸಿಟ್ಟು ಬಂತು.
ತೊಕ್ಕೊಟ್ಟು ದಾಟುವವರೆಗೂ ಇತ್ತು.

ಮನೆಯಲ್ಲಿ ಎಂದಿನಂತೆ, “ಇನಿ ದಾದ ತೂಯ?”
ಹದಿನೈದು ಅಕ್ಷರ ಕಡಿಮೆ, ಎಂದೆ.
ಕಟ್ಟಿನಲ್ಲಿ ಕಡಿಮೆಯೋ, ಎಂದಳು ಅಮ್ಮ.
ಇಪ್ಪತ್ತೈದರಲ್ಲಿ ಒಂದು ತಪ್ಪಿದರೂ
ಬ್ರ್ಯಾಂಚಿನ ಇದಿನಬ್ಬಣ್ಣ ಇಡೀ ಕಟ್ಟನ್ನು ಬದಿಗೆ ಸರಿಸುತ್ತಿದ್ದ.
ಎಣಿಸಿದ್ದು ಯಾರು?
ಯಂತ್ರ.
ಅವಳು ಹೆಬ್ಬೆಟ್ಟನ್ನು ಬಲ್ಬಿನ ಕೆಳಗೆ ಹಿಡಿದು ನೋಡಿಕೊಂಡಳು.
ಇನ್ನೊಮ್ಮೆ ಎಣಿಸಿ, ಎಂದಳು,
ಯಂತ್ರಕ್ಕೆ ನಮ್ಮ ಪರಿಚಯ ಸಾಲದು.

ಎಣಿಸಿದೆವು ಇನ್ನೊಮ್ಮೆ. ಹದಿನೈದೇ.

ಫಾರ್ಮಿನ ಗೃಹಿಣಿಯನ್ನು ಹೊಡೆದುಹಾಕುವ ಅಧಿಕಾರ ನನಗಿಲ್ಲ.
ಷರಾ ಎಂಬ ಸಣ್ಣ ಜಾಗದಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ:
ಹೆಬ್ಬೆಟ್ಟು ಸವೆದಿದೆ.
ವೃತ್ತಿ ಇನ್ನೊಮ್ಮೆ ಕೇಳುವುದು.